ಸೋತ ಮರುದಿನ ಬಂದ ರೊಟ್ಟಿ

ಮತ ಎಣಿಕೆ ಮುಗಿದ ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಒಳಗೆ ತಿರುಗಿದ್ದೆನಷ್ಟೆ, ನಮ್ಮ ಓಣಿಯ ಹೆಂಗಸರು ಒಬ್ಬರ ಹಿಂದೆ ಒಬ್ಬರು ಮನೆಯೊಳಗೆ ಬಂದರು. ಎಲ್ಲರ ತಲೆಯ ಮೇಲೂ ಸೆರಗು. ಕೆಲವರ ಕಂಕುಳಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. "ಬನ್ನಿ, ಕೂತ್ಕೊಳ್ಳಿ" ಅಂದೆ. ಯಾರೂ ಉತ್ತರ ಕೊಡಲಿಲ್ಲ. ಗೋಡೆಗುಂಟ ಕೂತು ನೆಲ ನೋಡತೊಡಗಿದರು. ಎದುರು ಮನೆಯ ನೀಲವ್ವ ಕಾಕು ತಮ್ಮ ಬುಟ್ಟಿಯ ಬಟ್ಟೆ ಸರಿಸಿದರು. ಜೋಳದ ರೊಟ್ಟಿ, ಅದರ ಮೇಲೊಂದು ಬಟ್ಟಲು ಕಡಲೆಹಿಟ್ಟಿನ ಝುಣಕ. ನನ್ನ ಕೈಯಲ್ಲಿದ್ದ ತಂಬಿಗೆ ಜಾರಿ ನೆಲಕ್ಕೆ ಬಿತ್ತು.

ನಂಜನಗೂಡಿನ ಕಡೆಯ ನಮ್ಮವರಿಗೆ ಇದರಲ್ಲಿ ಹೆದರುವಂಥದ್ದೇನು ಅನ್ನಿಸಬಹುದು. ನಮ್ಮಲ್ಲಿಯೂ ಸಾವಿನ ಮನೆಗೆ ಅಕ್ಕಪಕ್ಕದವರು ಅನ್ನ, ಸಾರು ಕಳಿಸುತ್ತಾರೆ. ಆದರೆ ಈ ಬೆಳಗಾವಿ ಕಡೆಯ ರೀತಿಯೇ ಬೇರೆ. ಹೆಂಗಸರು ರೊಟ್ಟಿ ಬುಟ್ಟಿ ಹಿಡಿದು ತಾವೇ ಬರುತ್ತಾರೆ, ಮಾತಿಲ್ಲದೆ ಕೂರುತ್ತಾರೆ, 'ಹೋಗಿ ಬರ್ತೀವಿ' ಅನ್ನದೆಯೇ ಎದ್ದು ಹೋಗುತ್ತಾರೆ. ಇದಕ್ಕೆ 'ಮಾತಾಡ್ಸಾಕ ಹೋಗೂದು' ಎಂದು ಹೆಸರು. ಮೊದಲು ನಾವು ಖಾನಾಪುರದಲ್ಲಿದ್ದಾಗ ಪಕ್ಕದ ಮನೆಯ ಅಜ್ಜ ತೀರಿಕೊಂಡಿದ್ದರು, ಆಗ ನೋಡಿದ್ದೆ. ಈಗ ಅದೇ ಬುಟ್ಟಿಗಳು ನನ್ನ ಮನೆಯಲ್ಲಿ ಕೂತಿದ್ದವು. ವಾರ್ಡಿನ ಚುನಾವಣೆಗೆ ನಿಂತಿದ್ದ ನನ್ನ ಗಂಡ ಹಿಂದಿನ ದಿನ ಎಣಿಕೆಗೆಂದು ಹೋದವರು ಇನ್ನೂ ಮನೆಗೆ ಬಂದಿರಲಿಲ್ಲ.

"ಅವರಿಗೇನಾಯ್ತು? ಹೇಳಿ ಕಾಕು, ಅವರೆಲ್ಲಿ?" ಎಂದು ಕೂಗಿದೆ.

ನೀಲವ್ವ ಕಾಕು ನನ್ನ ಕೈ ಹಿಡಿದು ಕೂರಿಸಿದರು. "ಅವರು ಅರಾಮ ಅದಾರವ್ವಾ. ರಾತ್ರಿ ನಮ್ಮ ಅಂಗಡ್ಯಾಗ ಇದ್ರಂತ. ಮುಂಜಾನಿ ರೈಲಿಗೆ ಗುಂಜಿಗೆ ಅವ್ವನ ಕಡೆ ಹೋಗ್ತೀನಂತ ಹೇಳಿ ಹೋಗ್ಯಾರಂತ, ನಮ್ಮ ಮನಿಯವರು ಅಂದ್ರು. ಮೊದಲ ನೀ ಒಂದು ತುತ್ತು ತಿನ್ನು."

"ಮತ್ತೆ ಇದೆಲ್ಲ ಯಾಕೆ?"

ಅವರು ಉಳಿದವರ ಮುಖ ನೋಡಿದರು. "ನಮಗ ಗೊತ್ತಾಗಿದ್ದ ನಿನ್ನೆ. ತಡಾ ಆತು. ತಪ್ಪ ತಿಳೀಬ್ಯಾಡವ್ವಾ" ಅಂದವರು ಮತ್ತೆ ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲರೂ ಎದ್ದು, ಬುಟ್ಟಿಗಳನ್ನು ಅಲ್ಲಿಯೇ ಬಿಟ್ಟು, ಹೇಳದೆ ಹೋದರು.

ಚುನಾವಣೆಯಲ್ಲಿ ಸೋತದ್ದಕ್ಕೆ ಇಷ್ಟೆಲ್ಲ ದುಃಖವೇ? ಅದೂ ನಮಗೆ ಓಟು ಹಾಕದ ಓಣಿಯವರಿಗೆ? ಹಿಂದಿನ ಸಂಜೆ ಪಟಾಕಿ ಸದ್ದು ನಮ್ಮ ಮನೆಯ ಮುಂದೆ ಬಂದು, ನಿಲ್ಲದೆ ಮುಂದಿನ ತಿರುವಿಗೆ ಹೋಗಿತ್ತು. ಸೋಲು ನನಗೆ ಗೊತ್ತಾದದ್ದು ಹಾಗೆ. ಆಮೇಲೆ ಪ್ರಚಾರದ ಕಾಗದ ಅಂಟಿಸುತ್ತಿದ್ದ ನಮ್ಮ ಕಾರ್ಯಕರ್ತರೊಬ್ಬರು ಬಂದು, "ಎಲ್ಲಾ ಕಡೆ ಛಲೋ ನಡದಿತ್ತರೀ. ನಿಮ್ಮ ಓಣಿ ಪೆಟಗಿ ತಗದ ಮ್ಯಾಲ ಕೆಟ್ಟಿತು" ಎಂದು ನನ್ನದೇ ತಪ್ಪೆನ್ನುವಂತೆ ನೋಡಿ ಹೋಗಿದ್ದರು. ಅಂಥ ಓಣಿಯವರು ಬೆಳಗಾದರೆ ರೊಟ್ಟಿ ತಂದರೆ ಏನೆಂದುಕೊಳ್ಳುವುದು? ನನ್ನದು ಮೊದಲಿಂದಲೂ ಹುಲ್ಲು ಅಲ್ಲಾಡಿದರೆ ಹಾವು ಅನ್ನುವ ಸ್ವಭಾವ. ಗಂಡನ ವಿಷಯದಲ್ಲಿ ಏನೋ ಆಗಿದೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದೇ ತೀರ್ಮಾನಿಸಿದೆ. ರೊಟ್ಟಿ ಮುಟ್ಟಲಿಲ್ಲ. ಮನೆಗೆ ಬೀಗ ಹಾಕಿ ಸ್ಟೇಷನ್ನಿಗೆ ನಡೆದೆ. ಟಿಳಕವಾಡಿಯಿಂದ ಸ್ಟೇಷನ್ನು ಹತ್ತಿರ. ಗುಂಜಿಗೆ ಹೋಗುವ ಲೋಂಡಾ ಕಡೆಯ ಗಾಡಿ ಇನ್ನೇನು ಬರುವುದರಲ್ಲಿತ್ತು.

ಗಾಡಿಯಲ್ಲಿ ಕೂತಾಗ, ಈ ಕಡೆಗೆ ಮೊದಲ ಸಲ ಬಂದ ಪ್ರಯಾಣ ನೆನಪಾಯಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗಂಡ ಬೀರಪ್ಪ ಗುಂಜಿಯ ಹತ್ತಿರದ ಕುರಿ ಸಾಕುವ ಮನೆಯವರು. ಮೈಸೂರಿನಲ್ಲಿ ಓದುವಾಗ ನನ್ನ ಚಿಕ್ಕಪ್ಪನ ಹಾಸ್ಟೆಲ್ ಗೆಳೆಯ, ಆ ಗುರುತಿನಿಂದಲೇ ಮದುವೆ ನಡೆಯಿತು. ಆಗ ಖಾನಾಪುರದಲ್ಲಿ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರು. ಊರಲ್ಲಿ ರತ್ನಮ್ಮ ಆಗಿದ್ದವಳು ಖಾನಾಪುರದಲ್ಲಿ ಇಳಿಯುವಷ್ಟರಲ್ಲಿ ರತ್ನವ್ವ ಆದೆ. ಕೋಣೆ ಖೋಲಿ ಆಯಿತು, ಪಕ್ಕ ಬಾಜೂ ಆಯಿತು, ನಲ್ಲಿ ನಳವಾಯಿತು. ನೀರು ಹಿಡಿಯಲು ನಿಂತರೆ ಮುಂದಿನವಳು ಮರಾಠಿಯಲ್ಲಿ ಶುರುಮಾಡಿ ಹಿಂದಿನವಳೊಂದಿಗೆ ಕನ್ನಡದಲ್ಲಿ ಮುಗಿಸುತ್ತಿದ್ದಳು. ನಡುವೆ ನಿಂತ ನನಗೆ ಎರಡೂ ಅರ್ಧರ್ಧ. ಮುದ್ದೆ ಕಟ್ಟಿ ಪಳಗಿದ ಕೈಗೆ ರೊಟ್ಟಿ ಬಡಿಯಲು ಬಾರದೆ, ನನ್ನ ರೊಟ್ಟಿಗಳು ಒಂದೊಂದೂ ಒಂದೊಂದು ದೇಶದ ನಕ್ಷೆಯಾಗಿ ಬರುತ್ತಿದ್ದವು. ಮೊದಲ ದುಂಡನೆಯ ರೊಟ್ಟಿ ಎದ್ದ ದಿನ ಅದನ್ನು ತಿನ್ನಲು ಕೊಡದೆ ಸಂಜೆಯವರೆಗೆ ಇಟ್ಟುಕೊಂಡಿದ್ದೆ. ಗಂಡ ಬಂದು ನೋಡಿ ನಕ್ಕಿದ್ದರು.

ಆದರೆ ಈ ಕಡೆಯ 'ಕರೆ'ಯ ವಿಷಯ ಮಾತ್ರ ತಲೆಗೆ ಹತ್ತಲು ಬಹಳ ದಿನ ಬೇಕಾಯಿತು. ನಮ್ಮೂರಲ್ಲಿ ತೀರಾ ಹತ್ತಿರದವರನ್ನು ಕರೆಯಲು ಹೋದರೆ "ನಮ್ಮನ್ನೇನು ಹೊರಗಿನವರು ಅಂದ್ಕೊಂಡ್ರಾ?" ಎಂದು ಜಗಳ ತೆಗೆಯುತ್ತಾರೆ. ಇಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಯವರನ್ನೂ, ಒಡಹುಟ್ಟಿದವರನ್ನೂ ಕುಂಕುಮ ಹಚ್ಚಿ ಕರೆಯಬೇಕು. ಕರೆಯದಿದ್ದರೆ ಬರುವುದಿಲ್ಲ. ಕರೆದ ಮೇಲೆ ನೀವು ಹೋಗದಿದ್ದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಕರೆಯದೆ ಬರುವುದು ಒಂದಕ್ಕೇ, ಸಾವಿಗೆ.

ಖಾನಾಪುರ ಬಂದಾಗ ಕಿಟಕಿಯ ಕಡೆಗೆ ಮುಖ ಮಾಡಲಿಲ್ಲ. ಹಂಚಿನ ಕಾರ್ಖಾನೆಯ ಹೊಗೆಯ ವಾಸನೆ ಮಾತ್ರ ಒಳಗೆ ಬಂತು. ನನ್ನ ಮೊದಲ ಮಗು ಹುಟ್ಟಿದ್ದು ಆ ಊರಲ್ಲಿ. ಚೊಚ್ಚಲು ಹೆರಿಗೆ ತವರಲ್ಲಿ ಆಗಬೇಕಿತ್ತು. ಆದರೆ ಮಳೆಗಾಲದ ನಡುವೆ, ದಿನ ತುಂಬುವ ಮೊದಲೇ ನೋವು ಬಂತು. ಹೆಣ್ಣು ಮಗು. ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ, ಕೆಲವೇ ದಿನ ಇತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಯಿತು. ಗಂಡ ಒಬ್ಬರೇ ಎತ್ತಿಕೊಂಡು ಹೋಗಿ ಮಲಪ್ರಭೆಯ ದಂಡೆಯಲ್ಲಿ ಮಣ್ಣು ಮಾಡಿ ಬಂದರು. ನನ್ನನ್ನು ಆಸ್ಪತ್ರೆಯಿಂದ ನೇರ ಗುಂಜಿಗೆ, ಅತ್ತೆಯ ಮನೆಗೆ ಒಯ್ದರು. ಅಲ್ಲಿಂದ ನೇರ ಬೆಳಗಾವಿಗೆ. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಟಿಳಕವಾಡಿಯಲ್ಲಿ ಎರಡು ಖೋಲಿಯ ಮನೆ ಹಿಡಿದು, ಮುಂದಿನ ಬೀದಿಯಲ್ಲಿ ಟೈಪಿಂಗ್ ಕ್ಲಾಸು ಶುರುಮಾಡಿದ್ದರು.

"ಹೊಸಾ ಊರು, ಹೊಸಾ ಓಣಿ. ಅಲ್ಲಿ ಆಗಿದ್ದನ್ನ ಇಲ್ಲಿ ತರೂದು ಬ್ಯಾಡ. ಯಾರಿಗೂ ಹೇಳಬ್ಯಾಡ" ಅಂದಿದ್ದರು. ನಾನೂ ಹೇಳಲಿಲ್ಲ.

ಹೇಳದೆ ಇರುವುದು ಸುಲಭ, ಏನೂ ಆಗಿಲ್ಲದವಳ ಹಾಗೆ ಇರುವುದೇ ಕಷ್ಟ. ಆ ಓಣಿಯಲ್ಲಿ ಆ ವರ್ಷ ಯಾರ ಮನೆ ನೋಡಿದರೂ ಕುಬಸ, ಯಾರ ಮನೆ ನೋಡಿದರೂ ತೊಟ್ಟಿಲು. ಕುಬಸ ಎಂದರೆ ಬಸುರಿಗೆ ಮಾಡುವ ಸೀಮಂತ. ಕುಂಕುಮದ ಬಟ್ಟಲು ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ಹಚ್ಚಿಸಿಕೊಂಡು 'ಆಗಲಿ' ಅನ್ನುತ್ತಿದ್ದೆ. ಹೋಗುತ್ತಿರಲಿಲ್ಲ. ನೀಲವ್ವ ಕಾಕು ತಮ್ಮ ಮೊಮ್ಮಗಳ ತೊಟ್ಟಿಲಿಗೆ ಎರಡು ಸಲ ಬಂದು ಕರೆದರು. ಅವತ್ತು ಎದುರು ಮನೆಯಲ್ಲಿ ಜೋಗುಳ ಹಾಡುತ್ತಿದ್ದಾಗ ನಾನು ಬಾಗಿಲು ಹಾಕಿಕೊಂಡು ಹಿಂದಿನ ಖೋಲಿಯಲ್ಲಿ ಕೂತಿದ್ದೆ. ಆಮೇಲೆ ಕರೆ ಬರುವುದು ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. ನಳದ ಹತ್ತಿರ ಹೋದರೆ ಮಾತು ತಣ್ಣಗಾಗುತ್ತಿತ್ತು. ನಾನು ಇದನ್ನು ಪರಊರಿನ ಜನರ ಬಿಗುಮಾನ ಅಂದುಕೊಂಡೆ.

ಇದೇ ಹೊತ್ತಿಗೆ ಗಂಡ ಸಾರ್ವಜನಿಕ ಕೆಲಸಕ್ಕೆ ಇಳಿದರು. ಮನೆಯಲ್ಲಿ ಕೂತರೆ ನನ್ನ ಮುಖ ನೋಡಬೇಕಲ್ಲ ಎಂದು ಹೊರಗೆ ಹೋದರೋ ಏನೋ, ನಾನು ಕೇಳಲಿಲ್ಲ. ವಾರ್ಡಿನ ನಳಕ್ಕೆ ನೀರು, ಗಟಾರಕ್ಕೆ ಕಲ್ಲು, ಬೀದಿಗೆ ದೀಪ ಎಂದು ಅರ್ಜಿ ಬರೆದು ಓಡಾಡಿದರು. ಕನ್ನಡದಲ್ಲಿ ಕೇಳಿದವರಿಗೆ ಕನ್ನಡ, ಮರಾಠಿಯಲ್ಲಿ ಕೇಳಿದವರಿಗೆ ಮರಾಠಿ. ಎರಡೂ ಕಡೆಯವರು "ನೀವು ಯಾರ ಪೈಕಿ?" ಎಂದು ಕೇಳಿದಾಗ "ನೀರು ಬೇಕಾದವರ ಪೈಕಿ" ಎಂದು ನಕ್ಕರು. ಕೊನೆಗೆ ಸ್ನೇಹಿತರು ಹುರಿದುಂಬಿಸಿ ಚುನಾವಣೆಗೆ ನಿಲ್ಲಿಸಿದರು. ವಾರ್ಡಿನ ಮನೆಮನೆಗೂ ಹೋಗಿ ಕೈಮುಗಿದರು, ನಮ್ಮ ಓಣಿಯೊಂದನ್ನು ಬಿಟ್ಟು. "ನಮ್ಮ ಓಣಿ ಮಂದೀನ ಏನ್ ಕೇಳೂದು?" ಎಂದರು. ಹತ್ತಿರದವರನ್ನು ಕರೆಯಬೇಕಿಲ್ಲ ಎಂದು ಮೈಸೂರಿನಲ್ಲಿದ್ದು ಕಲಿತದ್ದೋ, ನಮ್ಮನ್ನು ಕರೆಯುವುದು ನಿಲ್ಲಿಸಿದ್ದ ಬಾಗಿಲುಗಳಿಗೆ ಹೋಗಲು ಮುಖವಿರಲಿಲ್ಲವೋ.

ಗುಂಜಿಯಲ್ಲಿ ಇಳಿದವಳು ನಾನೊಬ್ಬಳೇ. ಸ್ಟೇಷನ್ನಿನ ಆಚೆಗೇ ಕಾಡು. ಅತ್ತೆಯ ಮನೆಯ ತನಕ ಓಡಿದೆನೋ ನಡೆದೆನೋ ತಿಳಿಯದು. ಅತ್ತೆ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದರು. ನಾನೊಬ್ಬಳೇ ಬಂದದ್ದು ನೋಡಿ ಕೈ ನಿಲ್ಲಿಸಿದರು.

"ಬೀರಾ ಎಲ್ಲಿ?" ನಾನು ಕೇಳಬೇಕಾದದ್ದನ್ನು ಅವರೇ ಕೇಳಿದರು.

ಗುಂಜಿಗೆ ಹೋಗಿದ್ದಾರೆ ಅಂದದ್ದು ಸುಳ್ಳಾಗಿತ್ತು. ರೈಲ್ವೆ ಹಳಿ, ಕಾಡು, ಬಾವಿ, ಬೇಡದ್ದೆಲ್ಲ ಕಣ್ಣ ಮುಂದೆ ಬಂತು. ಓಣಿಯವರು ರೊಟ್ಟಿ ತಂದದ್ದನ್ನು ಹೇಳುತ್ತ ಅಳತೊಡಗಿದೆ. ಅತ್ತೆ ಅಳಲಿಲ್ಲ. ನೀರು ಕುಡಿಸಿ, ತಲೆ ಸವರಿದರು.

"ಅಂವಾ ಸಣ್ಣಾಂವ ಇದ್ದಾಗಿಂದ ಹಂಗ. ಸಾಲ್ಯಾಗ ನಪಾಸಾದ್ರ ಮನಿಗೆ ಬರ್ತಿದ್ದಿಲ್ಲ. ಏನ್ ಕಳಕೊಂಡಿರತಾನೋ ಅದರ ಬಾಜೂಕ ಹೋಗಿ ಕುಂದರ್ತಿದ್ದ. ಕುರಿಮರಿ ಸತ್ರ, ಹುಗದ ಜಾಗಾದಾಗ. ನೀ ಖಾನಾಪುರಕ್ಕ ಹೋಗವ್ವಾ. ಹೊಳಿ ದಂಡಿಗೆ ನೋಡು. ನಾನೂ ಬರ್ತೀನಿ."

ಅವರು ಬರಲು ನಾನು ಬಿಡಲಿಲ್ಲ. ಏನು ನೋಡಬೇಕಾಗುತ್ತದೋ ಎಂಬ ಭಯ. ಬಸ್ಸು ಹಿಡಿದು ಖಾನಾಪುರಕ್ಕೆ ಬಂದೆ. ಮಗುವನ್ನು ಮಣ್ಣು ಮಾಡಿದ ಜಾಗ ನಾನು ನೋಡಿರಲಿಲ್ಲ. ಹೊಂಗೆಮರದ ಬುಡ ಎಂದು ಗಂಡ ಒಮ್ಮೆ ಹೇಳಿದ್ದರು, ಅಷ್ಟೇ. ಹೊಳೆ ದಂಡೆಯಲ್ಲಿ ಎಷ್ಟು ಹೊಂಗೆಮರ! ಒಂದೊಂದರ ಬುಡ ನೋಡುತ್ತ ಹೋದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮರಾಠಿಯಲ್ಲಿ ಏನೋ ಕೇಳಿದರು. ನಿಲ್ಲದೆ ಮುಂದೆ ಹೋದೆ.

ಅವರು ಕೂತಿದ್ದರು. ಎಣಿಕೆಗೆಂದು ಇಸ್ತ್ರಿ ಮಾಡಿಕೊಟ್ಟಿದ್ದ ಬಿಳಿ ಅಂಗಿಯಲ್ಲೇ, ಮೊಣಕಾಲಿಗೆ ಗದ್ದ ಊರಿ. ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲು. ಬದುಕಿದ್ದಾರೆ ಎಂದು ತಿಳಿದ ಮೇಲೆ ನನಗೆ ಬಂದದ್ದು ಸಿಟ್ಟು.

"ಸೋತ್ರೆ ಸೋತ್ರಿ! ಹೆಂಡ್ತಿ ಒಬ್ಬಳಿದ್ದಾಳೆ ಅನ್ನೋದು ನೆನಪಿಲ್ವಾ? ಓಣಿಯೋರು ನಿಮ್ಮ ಹೆಸರಲ್ಲಿ ರೊಟ್ಟಿ ತಂದಿಟ್ಟು ಹೋಗಿದಾರೆ, ಗೊತ್ತಾ?"

ಅವರು ತಲೆಯೆತ್ತಿದರು. "ರೊಟ್ಟಿ ತಂದ್ರಾ?"

"ಬುಟ್ಟಿಗಟ್ಟಲೆ. ಹೆಣ ಬಿದ್ದ ಮನೆಗೆ ತಂದ ಹಾಗೆ."

ಅವರು ಕಲ್ಲಿನ ಮೇಲಿದ್ದ ಒಣಎಲೆ ಒಂದೊಂದಾಗಿ ತೆಗೆಯುತ್ತ ಹೇಳಿದರು: "ನಿನ್ನೆ ಎಣಿಕಿ ಮುಗದ ಮ್ಯಾಲ ಮನೀಗೆ ಬರಾಕ ಕಾಲ ಬರಲಿಲ್ಲ. ರವಿವಾರ ಪೇಟ್ಯಾಗ ಬಸವಣ್ಣೆಪ್ಪ ಕಾಕಾನ ಅಂಗಡಿ ಕಟ್ಟೀಗೆ ಹೋಗಿ ಕುಂತೆ. ನಮ್ಮ ಓಣಿಯವರು ಯಾಕ ಕೈ ಬಿಟ್ರಿ ಕಾಕಾ, ಖರೇ ಹೇಳ್ರಿ ಅಂತ ಕೇಳಿದೆ."

ಬಸವಣ್ಣೆಪ್ಪ ಕಾಕಾ ನೀಲವ್ವ ಕಾಕುವಿನ ಗಂಡ. ರವಿವಾರ ಪೇಟೆಯಲ್ಲಿ ಬೆಲ್ಲ, ಮೆಣಸಿನಕಾಯಿಯ ಸಗಟು ಅಂಗಡಿ.

"ಅವರೇನಂದ್ರು?"

"ಖರೇನ ಹೇಳಿದ್ರು. 'ನಮ್ಮ ಮೊಮ್ಮಗಳ ತೊಟ್ಟಲಕ್ಕ ನಿನ್ನ ಹೆಂಡ್ತಿ ಬರಲಿಲ್ಲ. ಯಾರ ಮನೀಗೂ ಬರಲಿಲ್ಲ. ನೀನೂ ಓಟ ಕೇಳಾಕ ನಮ್ಮ ಹೊಸ್ತಲಾ ತುಳೀಲಿಲ್ಲ. ನಾವು ಬ್ಯಾಡಾದವರಿಗೆ ನಮ್ಮ ಓಟ ಯಾಕ ಬೇಕಪಾ?' ಅಂದ್ರು. ನನಗ ತಡ್ಕೊಳ್ಳಾಕ ಆಗಲಿಲ್ಲ. ಕೂಸಿಂದು ಹೇಳಿಬಿಟ್ಟೆ. ಅಂಗಡಿ ಕಟ್ಟಿ ಮ್ಯಾಲ ಕುಂತು, ಸಣ್ಣ ಮಕ್ಕಳ ಹಂಗ ಅತ್ತೆ. ಗುಂಜಿಗೆ ಹೋಗ್ತೀನಂತ ಹೇಳಿ ಹೊಂಟಾಂವ ಇಲ್ಲೇ ಇಳದೆ."

ನಾನು ಅಲ್ಲಿಯೇ ಕೂತೆ. ಆ ರೊಟ್ಟಿ ಚುನಾವಣೆಯ ಸೋಲಿಗೆ ಬಂದದ್ದಲ್ಲ. ಗಂಡನಿಗಾಗಿಯೂ ಅಲ್ಲ. ಒಂದೂವರೆ ವರ್ಷದ ಹಿಂದೆ ಹೋದ ನನ್ನ ಮಗಳಿಗಾಗಿ ಬಂದದ್ದು. ತಡವಾಗಿ ತಿಳಿದರೆ ತಿಳಿದ ದಿನವೇ ಹೋಗಬೇಕು, ಅದು ಇಲ್ಲಿಯವರ ರೀತಿ. ರಾತ್ರಿ ಗೊತ್ತಾದದ್ದಕ್ಕೆ ಬೆಳಗಾಗುವ ಮೊದಲೇ ಎದ್ದು ರೊಟ್ಟಿ ಬಡಿದಿದ್ದರು. ನಾನದನ್ನು ಮುಟ್ಟದೆ ಬೀಗ ಹಾಕಿ ಬಂದಿದ್ದೆ. ಮಗಳು ಹೋದಾಗ ಅಳಲು ನನಗೊಂದು ಮನೆ ಇರಲಿಲ್ಲ. ಅವತ್ತು ಆ ಕಲ್ಲಿನ ಪಕ್ಕದಲ್ಲಿ ಕೂತು ಮನಸಾರೆ ಅತ್ತೆ. ಅವರು ತಡೆಯಲಿಲ್ಲ.

"ಇಡೀ ವಾರ್ಡಿನ ನಳಕ್ಕ ನೀರ ಬಂತೋ ಇಲ್ಲೋ ಅಂತ ತಿರಗ್ಯಾಡಿದೆ" ಅಂದರು ಕೊನೆಗೆ. "ನನ್ನ ಮನ್ಯಾಗ ನೀ ಬಾಗಲಾ ಹಾಕ್ಕೊಂಡು ಕುಂತದ್ದ ನೋಡಿಯೂ ನೋಡಲಿಲ್ಲ."

ಆ ವಾರ ಟೈಪಿಂಗ್ ಕ್ಲಾಸಿನಲ್ಲಿ ಸೋತವರ ಸಭೆ ಸೇರಿತು. ಚಹಾ ಕೊಡಲು ಹೋದವಳು ಬಾಗಿಲಲ್ಲೇ ನಿಂತು ಕೇಳಿದೆ. ಒಬ್ಬರು ಮರಾಠಿ ಓಟು ಕೈಕೊಟ್ಟಿತು ಅಂದರು, ಇನ್ನೊಬ್ಬರು ಕನ್ನಡದವರೇ ಕೈಕೊಟ್ಟರು ಅಂದರು. ಚಿಹ್ನೆ ಸರಿಯಿರಲಿಲ್ಲ, ಮೈಕು ಕೆಟ್ಟಿತ್ತು, ಕೊನೆಯ ದಿನ ಎದುರಿನವರು ಏನೋ ಹಂಚಿದರು. ಎಲ್ಲರ ಆತ್ಮಾವಲೋಕನವೂ ಬೇರೆಯವರ ಆತ್ಮದ ಮೇಲೆಯೇ ನಡೆದಿತ್ತು. ಗಂಡ ಎಲ್ಲ ಕೇಳಿ, "ನಮ್ಮ ಓಣ್ಯಾಗ ನಾನು ಒಂದು ಮನಿಗೂ ಹೋಗಿದ್ದಿಲ್ಲರೀ. ಕಾರಣಾ ಅಷ್ಟ" ಎಂದರು. ಸಭೆಯಲ್ಲಿ ಯಾರಿಗೂ ಈ ಕಾರಣ ರುಚಿಸಲಿಲ್ಲ. ಚಹಾ ಕುಡಿದು ಎದ್ದರು, ಕೆಲವರು ಮತ್ತೆ ಆ ಕಡೆ ಸುಳಿಯಲಿಲ್ಲ. ಅವರು ಮುಂದೆ ಚುನಾವಣೆಗೆ ನಿಲ್ಲಲಿಲ್ಲ. ನಿಲ್ಲಬೇಕಿತ್ತೇ ಎಂದು ಈಗಲೂ ಒಮ್ಮೊಮ್ಮೆ ಕೇಳುತ್ತಾರೆ.

ನೀಲವ್ವ ಕಾಕುವಿನ ಬುಟ್ಟಿಯನ್ನು ತೊಳೆದು, ನಮ್ಮೂರ ರೀತಿಯಂತೆ ಬರಿದಾಗಿ ಕೊಡಬಾರದೆಂದು ಸಕ್ಕರೆ ಹಾಕಿ ಒಯ್ದೆ. ಅವರು ಮುಟ್ಟಲಿಲ್ಲ.

"ಇದನ್ನ ತಿರಗಿ ತಗೋಬಾರದವ್ವಾ. ನಿನ್ನ ಹತ್ರನ ಇರಲಿ. ಮುಂದ ಯಾರ ಮನ್ಯಾಗರ ಇಂಥಾದ ಬಂದ್ರ ನೀ ತುಂಬ್ಕೊಂಡು ಹೋಗು" ಅಂದರು. ನಂತರ ಒಳಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಂಡು ಬಂದು, ಕೇಳದೆಯೇ ನನ್ನ ತೊಡೆಯ ಮೇಲೆ ಕೂರಿಸಿದರು. ಮಗು ನನ್ನ ಸರಕ್ಕೆ ಕೈ ಹಾಕಿತು. ಅದರ ಭಾರ ತಡೆಯಲಾರದೆ ಕಣ್ಣು ಮುಚ್ಚಿಕೊಂಡೆ, ಆದರೆ ಕೆಳಗೆ ಇಳಿಸಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ತವರೂರಿಗೆ ಬಂದೆ. ನಮ್ಮ ಬೀದಿಯ ತಾಯಮ್ಮನವರ ಮೊಮ್ಮಗ ಹಿಂದಿನ ವರ್ಷವೇ ಹೊಳೆಯ ಪಾಲಾದ ಸುದ್ದಿ ನನಗೆ ತಿಳಿದದ್ದು ಆಗ. ಬೆಳಗಾವಿಯಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಮಾಡಿ, ತಲೆಗೆ ಸೆರಗು ಹೊದ್ದು ಹೋದೆ. ಅವರ ಸೊಸೆ ಬಾಗಿಲಲ್ಲಿ ನಿಂತು "ಏನು ರತ್ನಕ್ಕ, ಯಾರಿಗೇನಾಯ್ತು?" ಎಂದು ಗಾಬರಿಯಾದಳು. ಒಳಗೆ ಕೂತೆ. ತಾಯಮ್ಮ ಬುಟ್ಟಿ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗೋಡೆಯ ಕಡೆ ತಿರುಗಿ ಅತ್ತರು. ನಾನು ಹೇಳದೆ ಎದ್ದು ಬಂದೆ.

ಸುದ್ದಿ ನನಗಿಂತ ಮುಂಚೆ ಮನೆ ತಲುಪಿತ್ತು. ಅಮ್ಮ ಬೈದರು. "ಮುಗಿದುಹೋದ ಸಂಕಟಾನ ಯಾಕೆ ಕೆದಕ್ತೀಯೇ? ಒಂದು ಮಾತು ಹೇಳ್ದೆ ಎದ್ದು ಬಂದಿದೀಯಂತೆ. ಆ ಕಡೆಯೋಳೇ ಆಗ್ಹೋದೆ ಕಣೆ ನೀನು."

ಆ ಕಡೆಯವರು ನನ್ನನ್ನು ಇವತ್ತಿಗೂ "ಮೈಸೂರ ಕಡೆಯವರು" ಅನ್ನುತ್ತಾರೆಂದು ಅಮ್ಮನಿಗೆ ಹೇಳಲಿಲ್ಲ. ನನ್ನ ಮಗು ಹೋದಾಗ ಈ ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ. ನಾನು ಮರೆಯಲಿ ಎಂದು. ಅದು ಇವರ ಅಕ್ಕರೆಯ ರೀತಿ ಎಂದು ನನಗೆ ಗೊತ್ತು, ಆದರೂ ಆ ಮೌನದಲ್ಲಿ ಮಲಗಲು ನನಗೆ ಆಗುತ್ತಿರಲಿಲ್ಲ.

ಸಂಜೆ ಹಿತ್ತಲಲ್ಲಿ ಕೂತಿದ್ದೆ. ಅಮ್ಮ ಬಂದು ಪಕ್ಕದಲ್ಲಿ ಕೂತರು. ಕೈಯಲ್ಲಿ ಉಳಿದಿದ್ದ ಒಂದು ರೊಟ್ಟಿ. ಮುರಿದು ಅರ್ಧ ನನಗೆ ಕೊಟ್ಟು, ಅರ್ಧ ತಾವು ಬಾಯಿಗಿಟ್ಟುಕೊಂಡರು. ಗಟ್ಟಿಯಾಗಿತ್ತೇನೋ, ಬಹಳ ಹೊತ್ತು ಅಗಿದರು.

"ಕೂಸು ಯಾರ ಥರ ಇತ್ತೇ?" ಎಂದು ಕೇಳಿದರು.

ಎರಡು ವರ್ಷದಿಂದ ಯಾರೂ ಕೇಳದ ಪ್ರಶ್ನೆ. ಕಪಿಲೆಯ ದಂಡೆಯ ಆ ಹಿತ್ತಲಲ್ಲಿ, ನಾನು ಹುಟ್ಟಿ ಬೆಳೆದ ಮನೆಯಲ್ಲಿ ಕೂತು, ನನ್ನ ಬಾಯಿಂದ ಬಂದದ್ದು ಮಲಪ್ರಭೆಯ ಕಡೆಯ ಮಾತು.

"ಥೇಟ್ ನಿನ್ನ ಹಂಗ ಇತ್ತವ್ವಾ."

ಅಮ್ಮ ನನ್ನ ಕೈ ಹಿಡಿದುಕೊಂಡರು.